ಹಳೇ ಅಂಚೆ ವ್ಯಾನು, ಎಷ್ಟಕ್ಕೆ ಕೇಳಿದಾರೆ?

ಫುದೀಲ್ ಸತ್ತ ಮೇಲೆ ಅವನ ವಸ್ತುಗಳೆಲ್ಲ ಒಂದೊಂದಾಗಿ ಮನೆಯಿಂದ ಹೋದವು. ಮೋಟಾರ್ ಸೈಕಲ್ಲನ್ನು ದಾಯಾದಿಯೊಬ್ಬ ತಳ್ಳಿಕೊಂಡು ಹೋದ. ಅಂಗಿ ಕೋಟುಗಳನ್ನು ಅವನ ತಾಯಿ ಘನಿಯಾ ಮಡಿಸಿ ಮಸೀದಿಗೆ ಕಳಿಸಿದಳು. ಬ್ಯಾಂಕಿನ ಖಾತೆ ಮುಚ್ಚಿತು. ಫೋನ್ ನಂಬರು ಯಾರಿಗೋ ಸಿಕ್ಕಿತು. ಉಳಿದದ್ದು ಕಟ್ಟಡದ ಕೆಳಗೆ, ಹಿಪ್ಪುನೇರಳೆ ಮರದ ಪಕ್ಕ ನಿಂತಿದ್ದ ವ್ಯಾನು ಒಂದೇ.

ಅದು ಒಂದು ಕಾಲದಲ್ಲಿ ಅಂಚೆಯವರದು. ಸಂತೆಯ ದಿನ ಹಳ್ಳಿಗೆ ಹೋಗಿ, ನೆರಳು ನೋಡಿ ನಿಂತು, ಮುದುಕರಿಗೆ ಪಿಂಚಣಿ ಹಂಚಿ, ಕಾಗದ ತುಂಬಿಕೊಂಡು ಈ ಊರಿಗೆ, ಸೆತಿಫ್‌ಗೆ ವಾಪಸು ಬರುತ್ತಿತ್ತು. ಪಕ್ಕದ ತಗಡಿನಲ್ಲಿ ಮೇಲಕ್ಕೆತ್ತುವ ಕೌಂಟರಿನ ಕಿಟಕಿ, ಅದರ ಕೆಳಗೆ ಕಾಗದ ಹಾಕುವ ಸೀಳು ಈಗಲೂ ಇದ್ದವು. ಬೀದಿಯ ಮಕ್ಕಳು ಆ ಸೀಳಿನೊಳಗೆ ಕಲ್ಲಂಗಡಿ ಬೀಜ, ಚಾಕಲೇಟಿನ ಕಾಗದ, ಒಮ್ಮೆ ಒಂದು ಜೀವಂತ ಓತಿಕ್ಯಾತವನ್ನೂ ಹಾಕಿದ್ದರು.

ಫುದೀಲ್ ಅದನ್ನು ಕಂಡದ್ದು ಫೋನಿನಲ್ಲಿ, ಹಳೇ ಗಾಡಿಗಳ ಜಾಹೀರಾತು ಬರುವ ತಾಣದಲ್ಲಿ. ಊಟದ ತಟ್ಟೆಯ ಪಕ್ಕ ಫೋನಿಟ್ಟುಕೊಂಡು ಅದನ್ನು ನೋಡುವುದು ಅವನ ಚಟ. ಚಕ್ರವಿಲ್ಲದ ಬಸ್ಸು, ಏಣಿಯಿಲ್ಲದ ಅಗ್ನಿಶಾಮಕ ಗಾಡಿ, ತೈಲ ಕೊರೆಯುವವರು ಮರುಭೂಮಿಯಲ್ಲಿ ಮಲಗುತ್ತಿದ್ದ ತಗಡಿನ ಮನೆ. "ವಸೀಲಾ, ಇಲ್ಲಿ ನೋಡೇ, ಹಲ್ಲಿನ ಡಾಕ್ಟರ ಬಸ್ಸು. ಕುರ್ಚಿ ಸಮೇತ ಮಾರ್ತಿದಾನೆ!" ಎಂದು ಹೆಂಡತಿಯನ್ನು ಕರೆದು ನಗುತ್ತಿದ್ದ. ಕೊಂಡದ್ದು ಅಂಚೆ ವ್ಯಾನನ್ನು. ಅದರೊಳಗೆ ಹಾಸಿಗೆ, ಒಲೆ, ತೊಟ್ಟಿ ಎಲ್ಲ ಕೂರಿಸಿ, ಜಿಜೆಲ್ ಕಡೆಯ ಸಮುದ್ರದ ಪಕ್ಕ ನಿಲ್ಲಿಸಿಕೊಂಡು ಮಲಗಬೇಕೆಂಬುದು ಅವನ ಯೋಜನೆ. ಮಂಚದ ಚೌಕಟ್ಟು ಮುಗಿಯಿತು. ತೊಟ್ಟಿ ಕೂತಿತು, ನೀರು ಬರಲಿಲ್ಲ. ಹಳದಿಯ ಮೇಲೆ ನೀಲಿ ಬಣ್ಣ ಒಂದು ಮಗ್ಗುಲಿಗೆ ಬಿತ್ತು. ಚಳಿಗಾಲದಲ್ಲಿ ಒಂದು ದಿನ ಕೆಲಸದ ಜಾಗದಲ್ಲಿ ಎದೆ ಹಿಡಿದುಕೊಂಡು ಕುಳಿತ. ಮತ್ತೆ ಏಳಲಿಲ್ಲ.

ನಲವತ್ತನೆಯ ದಿನದ ಊಟಕ್ಕೆ ನೆಂಟರೆಲ್ಲ ಸೇರಿದ್ದಾಗ ಮಾವ ಬೆಲ್ಕಸೆಮ್ ಎಲ್ಲರೆದುರು ಹೇಳಿದ್ದ: "ನನ್ನ ಮಗಂದೆಲ್ಲ ಚುಕ್ತಾ ಆಗೋವರೆಗೂ ಇವಳು ಈ ಮನೆ ಮಗಳು. ಆಮೇಲೆ ಎಲ್ಲಿಗೆ ಹೋಗ್ತೀನಂದ್ರೂ ನಾನೇ ಪೆಟ್ಟಿಗೆ ಹೊತ್ಕೊಂಡು ಬಂದು ಗಾಡಿ ಹತ್ತಿಸ್ತೀನಿ." ವಸೀಲಾ ಆಗಲಿ ಎಂದಿದ್ದಳು. ಆಗ ಅವಳಿಗೆ ಎಲ್ಲಿಗೂ ಹೋಗಬೇಕಿರಲಿಲ್ಲ.

ಬೇಸಿಗೆಯ ಹೊತ್ತಿಗೆ ದಕ್ಷಿಣದ ಮರುಭೂಮಿ ಊರಾದ ತುಗ್ಗುರ್ತ್‌ನಿಂದ ಕಾಗದ ಬಂತು. ಅವಳು ಓದಿದ್ದು ಮಣ್ಣಿನ ವಿಷಯ. ಅಲ್ಲಿ ಖರ್ಜೂರದ ತೋಟಗಳಿಗೆ ಉಪ್ಪು ಏರುತ್ತಿತ್ತು; ಅದನ್ನು ಅಳೆಯುವ ಕೆಲಸಕ್ಕೆ ಅವಳನ್ನು ಆರಿಸಿದ್ದರು. ಸೆಪ್ಟೆಂಬರಿಗೆ ಸೇರಬೇಕು. ಸೇರದಿದ್ದರೆ ಪಟ್ಟಿಯಲ್ಲಿ ಅವಳ ಹಿಂದೆ ಇದ್ದವರಿಗೆ ಹೋಗುತ್ತದೆ.

ಕಾಗದವನ್ನು ಮಾವನಿಗೆ ಓದಿ ಹೇಳಿದಳು. ಅವನು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ.

"ಒಳ್ಳೇದು ಮಗಳೇ. ಆ ಗುಜರಿ ಒಂದು ಹೋಗ್ಲಿ, ಹೊರಟುಬಿಡು. ಬೆಳಗ್ಗೆ ಎದ್ದು ಕಿಟಕಿ ತೆಗೆದ್ರೆ ಅದರ ಮುಖ. ಯಾರಿಗಾದ್ರೂ ಕೊಟ್ಟುಹಾಕು."

ವಾರಸುದಾರರೆಲ್ಲ ನೋಟರಿಯ ಮುಂದೆ ರುಜು ಹಾಕಿ, ಮಾರುವ ಅಧಿಕಾರವನ್ನು ಅವಳಿಗೆ ಬಿಟ್ಟರು. ಮೊದಲು ರುಜು ಹಾಕಿದವನು ಬೆಲ್ಕಸೆಮ್.

ವಸೀಲಾ ಅದೇ ತಾಣದಲ್ಲಿ ಜಾಹೀರಾತು ಹಾಕಿದಳು. ವ್ಯಾನಿನ ಸ್ಥಿತಿಯನ್ನು ಇದ್ದದ್ದು ಇದ್ದಹಾಗೆ ಬರೆದಳು: ಇಂಜಿನ್ನು ಓಡುತ್ತದೆ, ತೊಟ್ಟಿಗೆ ನೀರಿಲ್ಲ, ಬಣ್ಣ ಅರ್ಧ. ಕೊನೆಗೆ ಬೆಲೆಯನ್ನೂ ಬರೆದಳು. ಒಂದು ವಾರ ಯಾರೂ ಕರೆ ಮಾಡಲಿಲ್ಲ. ಕರೆ ಮಾಡಿದ ಒಬ್ಬನೂ ನಗುವುದಕ್ಕೆ ಮಾಡಿದ್ದ.

"ಅಕ್ಕಾ, ಬೆಲೆ ಚೀಟಿ ಅಂಟಿಸಿದೀರಲ್ಲ. ಇದೇನು ಔಷಧಿ ಅಂಗಡಿನಾ?"

ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಘನಿಯಾ ಅದನ್ನು ಕೇಳಿಸಿಕೊಂಡಳು.

"ಬೆಲೆ ಬರೆದಿದೀಯಾ? ಯಾ ವಸೀಲಾ! ಯೂನಿವರ್ಸಿಟಿಲಿ ಇದನ್ನೇ ಹೇಳಿಕೊಟ್ಟಿದ್ದಾ? ಮಾರೋನು ಬೆಲೆ ಹೇಳ್ತಾನಾ? ತೆಗೆದುಹಾಕು ಅದನ್ನ."

ತೆಗೆದುಹಾಕಿದಳು. ಮಾರನೆಯ ದಿನದಿಂದ ಫೋನು ಬಡಿದುಕೊಳ್ಳತೊಡಗಿತು. ಎಲ್ಲರದೂ ಒಂದೇ ಪ್ರಶ್ನೆ. ಸಲಾಂ ಮುಗಿಯುವುದರೊಳಗೆ ಬರುತ್ತಿತ್ತು.

"ಎಷ್ಟಕ್ಕೆ ಕೇಳಿದಾರೆ?"

ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಕುರಿಯಾಗಲಿ ಕಾರಾಗಲಿ, ಈ ಊರಿನಲ್ಲಿ ಮಾರುವವನು ಬೆಲೆ ಹೇಳುವುದಿಲ್ಲ; ಇಲ್ಲಿಯವರೆಗೆ ಯಾರು ಎಷ್ಟಕ್ಕೆ ಕೇಳಿದ್ದಾರೆ ಎಂದಷ್ಟೇ ಹೇಳುತ್ತಾನೆ. ಬಂದವನು ಅದರ ಮೇಲೆ ಏರಿಸಬೇಕು. ಕೇಳಿದ್ದಕ್ಕಿಂತ ಕಡಿಮೆಗೆ ಕೊಟ್ಟರೆ ಮೊದಲು ಕೇಳಿದವನಿಗೆ ಅವಮಾನ. ಮಾರುವವನಿಗೆ ಮನಸ್ಸು ತುಂಬಿದಾಗ, "ದೇವರು ನಿನಗಿದರಲ್ಲಿ ಲಾಭ ಕೊಡಲಿ" ಎನ್ನುತ್ತಾನೆ. ಅಲ್ಲಿಗೆ ಮುಗಿಯಿತು. ಆಮೇಲೆ ಬೇಡವೆಂದವನು ಕಾಫಿ ಅಂಗಡಿಗಳಲ್ಲಿ ತಲೆಯೆತ್ತಿ ಕೂರುವ ಹಾಗಿಲ್ಲ.

"ಯಾರೂ ಕೇಳಿಲ್ಲ" ಎಂದಳು ವಸೀಲಾ. ಅದು ನಿಜವಾಗಿತ್ತು.

"ಆಯ್ತು ಅಕ್ಕಾ, ನೋಡ್ತೀವಿ." ಎರಡನೆಯವನೂ ಹಾಗೆಯೇ ಅಂದ. ಮೂರನೆಯವನು ನೋಡ್ತೀವಿ ಎಂದೂ ಅನ್ನಲಿಲ್ಲ.

"ಯಾರೂ ಕೇಳದ ಹುಡುಗೀನ ಯಾರು ಕೇಳ್ತಾರೆ?" ಎಂದಳು ಘನಿಯಾ. "ಯಾರೋ ಒಬ್ಬ ಕೇಳಿದಾನೆ ಅನ್ನು. ನಾಲಗೆ ಸುಡುತ್ತಾ?"

"ಕೇಳಿಲ್ಲವಲ್ಲ ಅತ್ತೆ."

"ಹಂಗಾದ್ರೆ ಹಿಪ್ಪುನೇರಳೆ ಮರದ ಜೊತೆ ಅದಕ್ಕೂ ನೀರು ಹಾಕ್ತಾ ಇರು."

ಬೆಲ್ಕಸೆಮ್ ಕಾಫಿ ಕುಡಿಯುತ್ತ ಕೂತಿದ್ದ. ಕೋಲು ತೆಗೆದುಕೊಂಡು ದಿನದಂತೆ ಡಾಮಿನೋ ಆಡಲು ಹೋದ.

ಆ ಮಧ್ಯಾಹ್ನವೇ ಅರ್ನಾತಿನವನ ಕರೆ ಬಂತು. ಐನ್ ಅರ್ನಾತ್ ಸೆತಿಫ್‌ನ ಪಕ್ಕದ ಊರು. ದನಿ ಗೊಗ್ಗರು, ವಯಸ್ಸಾದದ್ದು. ಪ್ರತಿ ಮಾತಿಗೂ ಮುಂಚೆ ಬಾವಿಯಿಂದ ಒಂದು ಕೊಡ ಸೇದುವಷ್ಟು ತಡ.

"ಸಲಾಮ್ ತಾಯಿ. ವ್ಯಾನಿನ ವಿಷಯ. ಎಷ್ಟಕ್ಕೆ ಕೇಳಿದಾರೆ?"

"ಯಾರೂ ಕೇಳಿಲ್ಲ."

ತಡ. "ಐವತ್ತು ಅಂತ ಇಟ್ಕೊ."

ಐವತ್ತು ಅಂದರೆ ಐವತ್ತು. ಏನು ಐವತ್ತು ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಅದು ಅವಳು ಮೊದಲು ಬರೆದಿದ್ದ ಬೆಲೆಗಿಂತ ಹೆಚ್ಚು.

"ನೀವು ಗಾಡಿ ನೋಡಿಲ್ಲವಲ್ಲ."

"ಫೋಟೋ ಇದೆಯಲ್ಲ ತಾಯಿ. ನನ್ನ ಮಾತು ನಿನ್ನ ಹತ್ರ ಇರ್ಲಿ."

ಘನಿಯಾ ಕೈಯ ಹಿಟ್ಟು ಒದರಿ ದೇವರಿಗೆ ವಂದಿಸಿದಳು. ವಸೀಲಾಗೂ ಸಮಾಧಾನವಾಯಿತೆನ್ನಬೇಕು. ತುಗ್ಗುರ್ತ್‌ನ ಬಾಡಿಗೆ ಕೋಣೆಯವಳಿಗೆ ಫೋನು ಮಾಡಿ, ಸೆಪ್ಟೆಂಬರಿನಲ್ಲಿ ಬರುತ್ತೇನೆ ಎಂದಳು.

ಮೊದಲು ನೋಡಲು ಬಂದವರು ಎಲ್ ಎಲ್ಮಾದ ಇಬ್ಬರು ಅಣ್ಣತಮ್ಮಂದಿರು. ಹೆದ್ದಾರಿಯ ಪಕ್ಕ ಸುಟ್ಟ ಮಾಂಸ ಮಾರುವವರು. ಕೌಂಟರಿನ ಕಿಟಕಿ ಎತ್ತಿ ನೋಡಿದ್ದೇ ಅವರ ಮುಖ ಅರಳಿತು. ಅರಳಿದ್ದನ್ನು ಮುಚ್ಚಿಕೊಳ್ಳಲು ಚಕ್ರ ಒದ್ದರು, ತುಕ್ಕು ಕೆರೆದರು, ಬಗ್ಗಿ ಹೊಟ್ಟೆಯ ಕೆಳಗೆ ನೋಡಿ ನಾಲಗೆಯಲ್ಲಿ ಲೊಚಗುಟ್ಟಿದರು. ಮನೆಯ ಗಂಡಸಾಗಿ ಬೆಲ್ಕಸೆಮ್ ಪಕ್ಕದಲ್ಲಿ ನಿಂತಿದ್ದ.

"ಗುಜರಿ ಕಣ್ರಪ್ಪ ಇದು" ಎಂದ. "ಸುಮ್ನೆ ಹೇಳಬಾರ್ದು. ಮಳೆ ಬಂದ್ರೆ ಸೋರುತ್ತೆ."

"ಸೋರಲ್ಲ ಮಾವ" ಎಂದಳು ವಸೀಲಾ. "ನಿಮ್ಮ ಮಗ ತಾರು ಬಳಿದಿದ್ರಲ್ಲ."

"ಆ ತೊಟ್ಟಿ, ಮಂಚ ಎಲ್ಲ ಕಿತ್ತು ಬಿಸಾಕಿದ್ರೆ ಆಯ್ತು" ಎಂದ ದೊಡ್ಡವನು. "ಇಲ್ಲಿ ಕೆಂಡದ ಒಲೆ. ಇಲ್ಲಿ ಹೊಗೆ ಕೊಳವೆ. ಹಾಜ್, ಎಷ್ಟಕ್ಕೆ ಕೇಳಿದಾರೆ?"

ಬೆಲ್ಕಸೆಮ್ ವಸೀಲಾಳ ಕಡೆ ನೋಡಿದ.

"ಐವತ್ತು" ಎಂದಳು ಅವಳು.

ಅಣ್ಣತಮ್ಮಂದಿರು ಮರದ ಕೆಳಗೆ ಹೋಗಿ ಗುಸುಗುಸು ಮಾಡಿದರು. ತಮ್ಮ ಕೈಯಾಡಿಸಿದ, ಅಣ್ಣ ತಲೆಯಾಡಿಸಿದ. ಒಂದು ಏರಿಸಿ, ನಾಳೆ ಬರುತ್ತೇವೆ ಎಂದು ಹೋದರು. ಸಂಜೆಯೊಳಗೆ ಗೊಗ್ಗರು ದನಿ ಬಂತು.

"ತಾಯಿ, ಯಾರಾದ್ರೂ ಏರಿಸಿದ್ರಾ?"

ಹೇಳಿದಳು. ತಡ. ಏನೋ ತಟತಟ ಸದ್ದು.

"ಐವತ್ತೈದು."

ಮಾರನೆಯ ದಿನ ಅಣ್ಣತಮ್ಮಂದಿರು ಬಂದಾಗ ಅದನ್ನೂ ಹೇಳಿದಳು. ಹೇಳದೆ ಇರಬಹುದಿತ್ತು. ತಮ್ಮ ಕೆಂಪಗಾದ.

"ರಾತ್ರಿ ಬೆಳಗಾಗೋದ್ರಲ್ಲಿ ಐದು ಏರ್ತಾ? ಅಕ್ಕಾ, ಮನೇಲೇ ಒಬ್ಬನ್ನ ಕೂರಿಸ್ಕೊಂಡು ಕೂಗಿಸ್ತಿದೀರಾ?"

"ಬಾಯಿ ಬಿಗಿ ಹಿಡಿ ಮಗನೇ" ಎಂದ ಬೆಲ್ಕಸೆಮ್. ಅವನ ಕಿವಿಗಳೂ ಕೆಂಪಗಾಗಿದ್ದವು. ಮನೆಯ ಮಾನಕ್ಕೆ ಬಂದ ಸಿಟ್ಟೆಂದು ವಸೀಲಾ ಅಂದುಕೊಂಡಳು.

ಅವರು ಹೋದರು. ಅವಳು ಅರ್ನಾತಿನವನಿಗೆ ತಾನೇ ಕರೆ ಮಾಡಿ, ಬಂದು ನೋಡಿ ಮುಗಿಸಿಬಿಡಿ ಎಂದಳು.

"ಮಂಡಿ ನೋವು ತಾಯಿ. ಬಸ್ ಹತ್ತೋಕಾಗಲ್ಲ." ತಡ. ಹಿಂದೆ ಯಾರೋ ಏನೋ ಅಂದಂತಾಯಿತು. "ನನ್ನ ಮಗ ರಜಾಕ್ಕೆ ಬರ್ಲಿ. ಅವನೇ ಬಂದು ಓಡಿಸ್ಕೊಂಡು ಹೋಗ್ತಾನೆ."

"ಯಾವಾಗ ಬರ್ತಾರೆ?"

ಈ ಸಲದ ತಡ ಎಷ್ಟು ಉದ್ದವಾಯಿತೆಂದರೆ ಕರೆ ಕಡಿಯಿತೇನೋ ಎಂದು ಅವಳು ಫೋನನ್ನು ಕಿವಿಯಿಂದ ತೆಗೆದು ನೋಡಿದಳು.

"ಬರ್ತಾನೆ" ಎಂದಿತು ದನಿ. "ರಜಾ ಸಿಕ್ಕಾಗ."

ಆಗಸ್ಟ್ ಅರ್ಧ ಕಳೆಯಿತು. ಅರ್ನಾತಿನವನ ಮಗನಿಗೆ ರಜೆ ಸಿಗಲಿಲ್ಲ. ಕೋಳಿ ಸಾಗಿಸುವವನೊಬ್ಬ ಬಂದು ಹೋದ. ಚಲಿಸುವ ಕ್ಷೌರದಂಗಡಿ ಮಾಡುತ್ತೇನೆಂದ ಒಬ್ಬ, ಬೆಲೆ ಕೇಳಿದ ಮೇಲೆ ತನ್ನ ಕತ್ತರಿಗಳಿಗೆ ಕಾಲಿಲ್ಲದಿದ್ದರೂ ನಡೆಯುತ್ತದೆ ಎಂದ. ಐವತ್ತೈದು ಎಂದೊಡನೆ ಎಲ್ಲರೂ ಹಿಂದೆ ಸರಿಯುತ್ತಿದ್ದರು. ಯಾರಾದರೂ ಸರಿಯದೆ ನಿಂತರೆ ಸಂಜೆಗೆ ಗೊಗ್ಗರು ದನಿ ಬಂದು ಇನ್ನೆರಡು ಏರಿಸುತ್ತಿತ್ತು; ಹಾಗೆ ಅರವತ್ತಕ್ಕೆ ಬಂದು ನಿಂತಿತು. ಕೇಳುವವನೂ ಇವನೇ, ಬಾರದವನೂ ಇವನೇ. ತುಗ್ಗುರ್ತ್‌ನಿಂದ ಕೇಳಿದರು: ಬರುತ್ತೀರೋ ಇಲ್ಲವೋ?

ಕೊನೆಗೆ ರಾಜಧಾನಿಯಿಂದ ಒಂದು ಜೋಡಿ ಬಂತು. ಮದುವೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ಹುಡುಗನ ಹೆಸರು ಮುನೀರ್. ಅವರಿಗೆ ಮಾಂಸ ಸುಡಬೇಕಿರಲಿಲ್ಲ, ಕೋಳಿ ತುಂಬಬೇಕಿರಲಿಲ್ಲ. ಹುಡುಗಿ ಚಪ್ಪಲಿ ಬಿಟ್ಟು ಒಳಗೆ ಹತ್ತಿ, ಹಲಗೆಯಿಲ್ಲದ ಮಂಚದ ಚೌಕಟ್ಟಿನ ನಡುವೆ ನೆಲದ ಮೇಲೆ ಅಂಗಾತ ಮಲಗಿದಳು.

"ಮುನೀರ್, ಕಾಲು ಚಾಚಬಹುದು ಕಣೋ! ನೀನು ಮಾತ್ರ ಮಡಚ್ಕೊಬೇಕು."

"ನಾನು ಡ್ರೈವರ್ ಸೀಟಲ್ಲಿ ಮಲಗ್ತೀನಿ ಬಿಡು, ಗೊರಕೆಯಿಂದಾದ್ರೂ ತಪ್ಪಿಸ್ಕೊತೀನಿ."

"ಗೊರಕೆ ನಿಂದು!"

ವಸೀಲಾ ಬಾಗಿಲ ಹೊರಗೆ ನಿಂತು ನೋಡುತ್ತಿದ್ದಳು. ಏನೂ ಅನ್ನಿಸಲಿಲ್ಲ. ಅನ್ನಿಸುತ್ತಿಲ್ಲ ಎಂಬುದನ್ನು ಗಮನಿಸಿದಳು. ಬೆಲ್ಕಸೆಮ್ ಮಾತ್ರ ಬೆನ್ನು ತಿರುಗಿಸಿ, ಮರದ ತೊಗಟೆಯಿಂದ ಏನನ್ನೋ ಉಗುರಿನಲ್ಲಿ ಕೀಳುತ್ತ ನಿಂತಿದ್ದ.

ಮುನೀರ್ ಪ್ರಾಮಾಣಿಕನಾಗಿದ್ದ. "ನಮ್ಮ ಹತ್ರ ಐವತ್ತರ ಮೇಲೆ ಇಲ್ಲ ಅಕ್ಕಾ. ಆದ್ರೆ ಇವತ್ತೇ ತಂದಿದೀವಿ."

ಇವರಿಗೆ ಕೊಟ್ಟುಬಿಡಬೇಕೆಂದು ಅವಳಿಗೆ ಅನ್ನಿಸಿತು. ಅಷ್ಟು ಮಟ್ಟಿಗೆ ಅನ್ನಿಸಿತು. ಅವಳು ಬಾಯಿ ತೆರೆಯುವ ಮುಂಚೆ ಬೆಲ್ಕಸೆಮ್ ತಿರುಗಿದ.

"ಮಗಳೇ, ಆ ಅರ್ನಾತಿನವರ ಮಾತು ಇದೆಯಲ್ಲ."

"ಅವರು ಬರ್ತಾ ಇಲ್ಲ ಮಾವ."

"ಬಂದಿಲ್ಲ ಅಂತ ಮಾತು ಬಿದ್ದುಹೋಗುತ್ತಾ? ವಯಸ್ಸಾದೋರು. ಮಂಡಿ ನೋವು. ಅವರಿಗೊಂದು ಮಾತು ಹೇಳ್ದೆ ಕಡಿಮೆಗೆ ಕೊಟ್ರೆ ನಾಳೆ ನನ್ನ ಮುಖಕ್ಕೆ ಏನಂತಾರೆ ಜನ?"

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಮುನೀರ್ ತಲೆಯಾಡಿಸಿದ, ಅವನ ಊರಿನಲ್ಲೂ ಅದೇ ರೂಢಿ. ಆತ ಬೇಡವೆಂದರೆ ಕರೆ ಮಾಡಿ ಎಂದು ನಂಬರು ಕೊಟ್ಟು ಹೋದರು. ಹುಡುಗಿ ಕಾರಿನ ಕಿಟಕಿಯಿಂದ ವ್ಯಾನಿಗೆ ಕೈ ಬೀಸಿದಳು.

ಮಂಡಿ ನೋವಿನ ವಿಷಯವನ್ನು ತಾನು ಮಾವನಿಗೆ ಯಾವಾಗ ಹೇಳಿದೆ ಎಂದು ವಸೀಲಾ ಮೆಟ್ಟಿಲು ಹತ್ತುತ್ತ ಯೋಚಿಸಿದಳು. ಅತ್ತೆ ಹೇಳಿರಬಹುದು.

ಘನಿಯಾ ಮೆಣಸಿನಕಾಯಿ ಸುಡುತ್ತಿದ್ದಳು. ವಸೀಲಾ ನಡೆದದ್ದನ್ನು ಹೇಳಿದಳು.

"ಆ ಮಕ್ಕಳನ್ನೂ ಕಳಿಸಿದ್ನಾ?" ಎಂದಳು ಘನಿಯಾ.

"ಅರ್ನಾತಿನವರು ಬೇಡ ಅನ್ನೋವರೆಗೆ ನಾನೇನು ಮಾಡಲಿ?"

ಘನಿಯಾ ಬೆಂಕಿಯ ಮೇಲಿನ ಕಾಯನ್ನು ಬರಿಗೈಯಲ್ಲಿ ತಿರುಗಿಸಿದಳು. ಸೊಸೆಯ ಕಡೆ ನೋಡಲಿಲ್ಲ.

"ಅವನು ಬೇಡ ಅನ್ನಲ್ಲ. ಸೆಪ್ಟೆಂಬರ್ ದಾಟಿದ್ರೂ ಅನ್ನಲ್ಲ, ಮುಂದಿನ ರಂಜಾನ್ ದಾಟಿದ್ರೂ ಅನ್ನಲ್ಲ. ಕೇಳಿದವನು ಕೇಳಿ ಆಯ್ತು. ಲಾಭದ ಮಾತು ಹೇಳೋಕೆ ನಿಂಗೂ ಬಾಯಿ ಇದೆಯಲ್ಲ."

"ಗಾಡಿ ನೋಡದೇ ಇರೋನಿಗಾ? ಫೋನಲ್ಲಾ?"

"ಕಿವಿಗೆ ಬಿದ್ರೆ ಸಾಕು. ಕಿವಿ ಇದೆಯಲ್ಲ ಅವನಿಗೆ. ಮಂಡಿ ತಾನೇ ಹೋಗಿರೋದು."

ಮಾರನೆಯ ದಿನ ವಸೀಲಾ ತುಗ್ಗುರ್ತ್‌ಗೆ ಕಳಿಸಬೇಕಾದ ಪ್ರಮಾಣಪತ್ರಗಳ ನಕಲು ಮಾಡಿಸಲು ಪೇಟೆಗೆ ಹೋದಳು. ನಕಲಿನ ಅಂಗಡಿಯ ಎದುರಿಗೆ, ರಸ್ತೆಯ ಆಚೆ, ಮಾವ ದಿನವೂ ಕೂರುವ ಕಾಫಿ ಅಂಗಡಿ. ಹೆಂಗಸರು ಹೋಗುವ ಜಾಗವಲ್ಲ. ಬಾಗಿಲು, ಕಿಟಕಿ ಎಲ್ಲ ತೆರೆದಿದ್ದವು. ಒಳಗೆ ಡಾಮಿನೋ ಬಿಲ್ಲೆಗಳನ್ನು ಅಮೃತಶಿಲೆಯ ಮೇಜಿಗೆ ಕುಟ್ಟುವ ಸದ್ದು ರಸ್ತೆಯವರೆಗೂ ಕೇಳುತ್ತಿತ್ತು. ನಕಲಿನ ಯಂತ್ರ ಬಿಸಿಯಾಗಲು ಹೊತ್ತು ಹಿಡಿಯುತ್ತದೆ ಎಂದ ಅಂಗಡಿಯವನು. ಅವಳು ಮೆಟ್ಟಿಲ ಮೇಲೆ ನಿಂತು ಅರ್ನಾತಿನವನ ನಂಬರು ಒತ್ತಿದಳು.

ಎದುರಿನ ಅಂಗಡಿಯಲ್ಲಿ ಒಂದು ಫೋನು ಬಡಿದುಕೊಂಡಿತು.

ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತಿದ್ದವನು ಲಖ್ದರ್. ರೈಲ್ವೆಯಿಂದ ನಿವೃತ್ತನಾದವನು, ಮಾವನ ಡಾಮಿನೋ ಜೊತೆಗಾರ. ಫುದೀಲನ ಶವಕ್ಕೆ ಹೆಗಲು ಕೊಟ್ಟವರಲ್ಲಿ ಮುಂದಿದ್ದವನು. ವಸೀಲಾ ಅವನನ್ನು ದೂರದಿಂದ ಕಂಡಿದ್ದಳೇ ಹೊರತು ಅವನ ದನಿ ಕೇಳಿರಲಿಲ್ಲ. ಅವನು ಜೇಬಿನಿಂದ ಫೋನು ತೆಗೆದು, ತೋಳಳತೆ ದೂರ ಹಿಡಿದು ನೋಡಿ, ಎದುರು ಕೂತವನಿಗೆ ಏನೋ ಅಂದ. ಎದುರು ಕೂತವನು ಬೆಲ್ಕಸೆಮ್. ಅವನು ಕೈಯಲ್ಲಿದ್ದ ಬಿಲ್ಲೆಗಳನ್ನು ಬೋರಲು ಹಾಕಿ, ಕುರ್ಚಿಯನ್ನು ಹತ್ತಿರ ಎಳೆದುಕೊಂಡ. ಇಬ್ಬರಿಗೂ ಕಿವಿ ಅಷ್ಟಕ್ಕಷ್ಟೆ. ಲಖ್ದರ್ ಫೋನಿನ ದನಿಯನ್ನು ಜೋರು ಮಾಡಿ, ಅದನ್ನು ಬಿಲ್ಲೆಗಳ ನಡುವೆ ಮೇಜಿನ ಮೇಲಿಟ್ಟ.

"ಹೇಳು ತಾಯಿ" ಎಂದಿತು ಗೊಗ್ಗರು ದನಿ, ಅವಳ ಕಿವಿಯಲ್ಲೂ ರಸ್ತೆಯ ಆಚೆಯೂ.

ಈ ಸಲದ ತಡ ಅವಳದು. ರಸ್ತೆಯಲ್ಲಿ ಒಂದು ಬಸ್ಸು ಹಾದುಹೋಯಿತು. ಹಾದುಹೋದ ಮೇಲೂ ಇಬ್ಬರು ಮುದುಕರು ಹಾಗೆಯೇ ಬಗ್ಗಿ ಕೂತಿದ್ದರು. ಮಾವನ ಬೋಳುತಲೆಯ ಮೇಲೆ ಬಿಸಿಲು ಬಿದ್ದಿತ್ತು. ಕರೆ ಕಡಿದು ಮನೆಗೆ ಹೋಗಬಹುದಿತ್ತು. ಮುನೀರನಿಗೆ ಕರೆ ಮಾಡಬಹುದಿತ್ತು. ಈ ಬೆಲೆ ಬೆಲೆಯೇ ಅಲ್ಲವೆಂದು ಈಗ ಅವಳಿಗೆ ಗೊತ್ತಾಗಿತ್ತು.

"ನಿಮ್ಮ ಮಗನಿಗೆ ರಜಾ ಸಿಕ್ತಾ?" ಎಂದು ಕೇಳಿದಳು.

ಲಖ್ದರ್ ಬೆಲ್ಕಸೆಮ್‌ನ ಮುಖ ನೋಡಿದ. ಬೆಲ್ಕಸೆಮ್ ಇಲ್ಲ ಎಂಬಂತೆ ತಲೆಯಾಡಿಸಿದ.

"ಇಲ್ಲ ತಾಯಿ" ಎಂದ ಲಖ್ದರ್. "ಇನ್ನೂ ಇಲ್ಲ."

"ಪರವಾಗಿಲ್ಲ. ನೀವು ಕೊನೆಗೆ ಕೇಳಿದ್ದು ಅರವತ್ತು."

"ಹೂಂ. ಯಾರಾದ್ರೂ ಏರಿಸಿದ್ರಾ?"

"ಇಲ್ಲ. ದೇವರು ನಿಮಗಿದರಲ್ಲಿ ಲಾಭ ಕೊಡಲಿ."

ಅವಳು ಜೋರಾಗಿ ಹೇಳಿರಲಿಲ್ಲ. ಆದರೆ ಫೋನು ಜೋರಾಗಿಯೇ ಹೇಳಿತು. ಪಕ್ಕದ ಮೇಜಿನಲ್ಲಿ ಕುಟ್ಟುವ ಸದ್ದು ನಿಂತಿತು. ಯಾರೋ ಅಭ್ಯಾಸಬಲದಿಂದ "ಆಮೀನ್" ಎಂದರು.

"ಮುಬಾರಕ್ ಲಖ್ದರ್!" ಎಂದು ಹಿಂದಿನಿಂದ ಒಬ್ಬ ಕೂಗಿದ. "ಏನು ತಗೊಂಡೆಯೋ? ಹಸುನಾ, ಹೆಂಡತಿನಾ?"

"ನಾನಾ? ನಾನೇನೂ ತಗೊಂಡಿಲ್ಲ ಮಾರಾಯ! ಇವನು…"

"ಫೋನ್ ಯಾರದು? ನಿಂದು. ದನಿ ಯಾರದು? ನಿಂದು. ನಾವೆಲ್ಲ ಕೇಳಿಲ್ವಾ? ಎಲ್ಲರಿಗೂ ಕಾಫಿ ಹೇಳು, ಕಂಜೂಸ್!"

"ಬೆಲ್ಕಸೆಮ್, ಬಾಯಿ ಬಿಡೋ! ಮನೇಲಿ ನನ್ನ ಹೆಂಡತಿ ಚರ್ಮ ಸುಲೀತಾಳೆ!"

ಬೆಲ್ಕಸೆಮ್ ಫೋನನ್ನೇ ನೋಡುತ್ತಿದ್ದ. ಆಮೇಲೆ ತಲೆಯೆತ್ತಿದ. ರಸ್ತೆಯ ಆಚೆ ನಕಲಿನ ಅಂಗಡಿಯ ಮೆಟ್ಟಿಲ ಮೇಲೆ ಸೊಸೆ ಕಿವಿಗೆ ಫೋನು ಹಿಡಿದು ನಿಂತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅವಳು ಕರೆ ಮುಗಿಸಿ ಒಳಗೆ ಹೋದಳು. ಯಂತ್ರ ಬಿಸಿಯಾಗಿತ್ತು. ಹಿಂದಿನಿಂದ ಮಾವನ ದನಿ ಕೇಳಿಸಿತು: "ಕಾಫಿ ನನ್ನ ಲೆಕ್ಕಕ್ಕೆ ಬರ್ಕೊ. ಎಲ್ಲರಿಗೂ."

ಮಧ್ಯಾಹ್ನ ಅವನು ಮನೆಗೆ ಬಂದಾಗ ಕೈಯಲ್ಲಿ ಖರ್ಜೂರ ತುಂಬಿದ ರವೆಯ ಸಿಹಿಯ ಪೊಟ್ಟಣವಿತ್ತು. ಕೊಂಡವನು ಮಾರಿದವರ ಮನೆಗೆ ಸಿಹಿ ಕಳಿಸುವುದು ವಾಡಿಕೆ.

"ಅರ್ನಾತಿನವನು ಕಳಿಸಿದಾನೆ" ಎಂದು ಮೇಜಿನ ಮೇಲಿಟ್ಟ.

"ದೇವರು ಅವರಿಗೆ ಒಳ್ಳೇದು ಮಾಡಲಿ" ಎಂದಳು ವಸೀಲಾ.

ಘನಿಯಾ ಪೊಟ್ಟಣ ಬಿಚ್ಚಿ, ಒಂದನ್ನು ಬಾಯಿಗೆ ಹಾಕಿಕೊಂಡು, ಅಗಿದು ನುಂಗಿದಳು.

"ಅರ್ನಾತಿನವನ ಮಂಡಿ ಹೆಂಗಿದೆಯಂತೆ?"

"ಪರವಾಗಿಲ್ವಂತೆ."

"ಅರವತ್ತು ಕೊಡ್ತಾನಲ್ಲ, ಅವನ ಹೆಂಡತಿಗೆ ಗೊತ್ತಂತಾ?"

ಬೆಲ್ಕಸೆಮ್ ಕನ್ನಡಕ ತೆಗೆದು ಒರೆಸಿದ. "ಈಗ ಗೊತ್ತಾಗಿದೆಯಂತೆ."

"ಹೇಳಿಬಿಡು ಅವನಿಗೆ, ಈ ವರ್ಷ ಹಬ್ಬದ ಕುರಿಗೆ ಅಂಚೆ ವ್ಯಾನನ್ನೇ ಕೊಯ್ಯಲಿ."

ವಸೀಲಾ ತಟ್ಟೆಯ ಕಡೆ ನೋಡಿದಳು. ನಗು ಬಂದಿತ್ತೋ ಏನೋ. ಬಂದಿದ್ದರೂ ಅದರ ಬಳಕೆ ತಪ್ಪಿಹೋಗಿತ್ತು. ಬೆಲ್ಕಸೆಮ್ ಪೊಟ್ಟಣವನ್ನು ಅವಳ ಕಡೆ ಸರಿಸಿದ.

"ಅವನ ಊರಲ್ಲಿ ನಿಲ್ಲಿಸೋಕೆ ಜಾಗ ಇಲ್ವಂತೆ. ಮಗನಿಗೆ ರಜಾ ಸಿಗೋವರೆಗೂ ಇಲ್ಲೇ ಮರದ ಪಕ್ಕ ಇರ್ಲಿ ಅಂದ. ನಾನು ಆಗ್ಲಿ ಅಂದೆ. ನಿಂಗೇನೂ ಅಡ್ಡಿ ಇಲ್ವಲ್ಲ?"

"ಮಾರಿದ್ಮೇಲೆ ನಂದೇನಿದೆ ಮಾವ."

"ಕೀ ಕೊಟ್ಟುಬಿಡು ಹಾಗಾದ್ರೆ. ತಲುಪಿಸ್ತೀನಿ."

ಕೀ ಕೊಟ್ಟಳು. ಅವನು ಅದನ್ನು ಅಂಗಿಯ ಜೇಬಿಗೆ ಹಾಕಿ, ಮೇಲಿನಿಂದ ಒಮ್ಮೆ ಮುಟ್ಟಿ ನೋಡಿಕೊಂಡ. ವಾರದೊಳಗೆ ನೋಟರಿಯ ಮುಂದೆ ಉಳಿದದ್ದೂ ಮುಗಿಯಿತು. ಕೊಂಡವನ ಹೆಸರು ಮಾರುವವರ ಪಟ್ಟಿಯಲ್ಲೂ ಇತ್ತು; ಅದನ್ನು ಗಟ್ಟಿಯಾಗಿ ಓದುವಾಗ ನೋಟರಿ ತಡವರಿಸಿದ. ಉಳಿದವರು ರುಜು ಹಾಕಿದರು. ಜಾಹೀರಾತು ತೆಗೆಯುವಾಗ ತಾಣ ಕಾರಣ ಕೇಳಿತು. ಮಾರಾಟವಾಗಿದೆ ಎಂದು ಒತ್ತಿದಳು.

ಹೊರಡುವ ದಿನ ಬೆಲ್ಕಸೆಮ್ ಹೇಳಿದ ಮಾತಿನಂತೆ ಪೆಟ್ಟಿಗೆ ಹೊತ್ತ. ಪ್ರತಿ ಮಹಡಿಯಲ್ಲೂ ನಿಂತು ಉಸಿರು ತೆಗೆದುಕೊಂಡ. ಕೊಡಿ ಎಂದರೆ ಕೊಡಲಿಲ್ಲ. ತುಗ್ಗುರ್ತ್‌ಗೆ ಹೋಗುವ ಬಾಡಿಗೆ ಕಾರು ಬೀದಿಯ ತುದಿಯಲ್ಲಿ ನಿಂತಿತ್ತು, ಆಗಲೇ ಅರ್ಧ ತುಂಬಿತ್ತು. ಪೆಟ್ಟಿಗೆಯನ್ನು ಹಿಂದೆ ತುರುಕಿ, ಡ್ರೈವರನಿಗೆ ನಿಧಾನವಾಗಿ ಓಡಿಸು ಎಂದು ಬೈಯುವ ದನಿಯಲ್ಲಿ ಹೇಳಿ, ಸೊಸೆಯ ತಲೆಯ ಮೇಲೆ ಕೈಯಿಟ್ಟು, ತಿರುಗಿ ನೋಡದೆ ಹೋದ. ಘನಿಯಾ ಮಹಡಿಯಿಂದ ಒಂದು ಚೊಂಬು ನೀರು ಅವಳ ಹಾದಿಯ ಹಿಂದೆ ಚೆಲ್ಲಿದಳು, ಹೋದವರು ಮರಳಲಿ ಎಂದು. ಅದರಲ್ಲಿ ಅರ್ಧ ಕೆಳಗಿನ ಮನೆಯವರ ಒಣಗಿದ ಬಟ್ಟೆಯ ಮೇಲೆ ಬಿತ್ತು, ಅವರು ಬೈದರು.

ಕಾರು ಹತ್ತುವಾಗ ವಸೀಲಾಳ ಕೈಚೀಲದ ತಳದಲ್ಲಿ ವ್ಯಾನಿನ ಇನ್ನೊಂದು ಕೀ ಸಿಕ್ಕಿತು. ಫುದೀಲ್ ಅವಳಿಗೆಂದು ಮಾಡಿಸಿದ್ದು. ಮರೆತೇಹೋಗಿತ್ತು. ಒಂದು ನಿಮಿಷ ಎಂದು ಡ್ರೈವರನಿಗೆ ಹೇಳಿ ವಾಪಸು ನಡೆದಳು.

ಹಿಪ್ಪುನೇರಳೆಯ ನೆರಳಿನಲ್ಲಿ ವ್ಯಾನಿನ ಹಳದಿ ಮಗ್ಗುಲು ಈ ಕಡೆಗಿತ್ತು. ಬಾಗಿಲು ಮುಚ್ಚಿತ್ತು. ಅವಳು ಕೀಯನ್ನು ಕಾಗದದ ಸೀಳಿನೊಳಗೆ ಬಿಟ್ಟಳು. ಒಳಗೆ ತಗಡಿನ ತಟ್ಟೆಯ ಮೇಲೆ, ಬೀಜ ಕಾಗದಗಳ ನಡುವೆ, ಅದು ಠಣ್ಣೆಂದು ಬಿತ್ತು.

ಒಳಗಿನಿಂದ ಕೆಮ್ಮು ಕೇಳಿಸಿತು. ಆ ಕೆಮ್ಮು ಇಡೀ ಕಟ್ಟಡಕ್ಕೆ ಪರಿಚಯ.

"ಯಾರದು?"

"ನಾನು ಮಾವ."

ಒಂದು ಕೊಡ ಸೇದುವಷ್ಟು ತಡ.

"ಕೌಂಟರ್ ಮುಚ್ಚಿದೆ ಮಗಳೇ" ಎಂದಿತು ದನಿ. "ಸಂತೆ ದಿನ ಬಾ."

ಬೀದಿಯ ತುದಿಯಲ್ಲಿ ಡ್ರೈವರ್ ಹಾರನ್ ಒತ್ತಿದ. ಅವಳು ಆಗಲಿ ಎಂದು ಹೇಳಿ ಕಾರಿನ ಕಡೆಗೆ ನಡೆದಳು.